ದೂರವಾಣಿಯನ್ನು ಬಾಡಿಗೆಗೆ ಕೊಟ್ಟ ವಕೀಲ

ನಡುಮನೆಯ ಗಿಡ್ಡ ಮೇಜಿನ ಮೇಲೆ, ಕಸೂತಿ ಹಾಕಿದ ಬಟ್ಟೆಯ ಮುಸುಕು ಹೊದ್ದು, ದೇವರಂತೆ ಕುಳಿತಿರುತ್ತಿದ್ದ ಕರಿಯ ಟೆಲಿಫೋನನ್ನು ಕಂಡವರು ನಮ್ಮ ನಡುವೆ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಅದಕ್ಕಾಗಿ ವರ್ಷಗಟ್ಟಲೆ ಕಾದದ್ದನ್ನೂ, ಅದು ಮನೆಗೆ ಬಂದ ದಿನ ನೆರೆಹೊರೆಯವರಿಗೆ ಕಾಫಿ ಕೊಟ್ಟದ್ದನ್ನೂ ಅವರು ಮರೆತಿರಲಾರರು. ಆದರೆ ಒಂದು ಸಂಗತಿಯನ್ನು ಬಹುಮಂದಿ ಲಕ್ಷಿಸಿರಲಿಕ್ಕಿಲ್ಲ. ಆ ಯಂತ್ರ ನಮ್ಮದಾಗಿರಲಿಲ್ಲ. ಅದು ಇಲಾಖೆಯ ಸೊತ್ತು. ಹೊಲಿಗೆ ಯಂತ್ರವನ್ನು ಕೊಳ್ಳುತ್ತಿದ್ದೆವು, ರೇಡಿಯೋವನ್ನು ಕೊಳ್ಳುತ್ತಿದ್ದೆವು, ಸೈಕಲ್ಲನ್ನು ಸಾಲ ಮಾಡಿಯಾದರೂ ಕೊಳ್ಳುತ್ತಿದ್ದೆವು. ಟೆಲಿಫೋನಿಗೆ ಮಾತ್ರ ನಾವು ಬಾಡಿಗೆದಾರರು. ಒಂದು ಕರೆಯನ್ನೂ ಮಾಡದೆ ಸುಮ್ಮನಿದ್ದರೂ ಬಿಲ್ಲಿನಲ್ಲಿ ಬಾಡಿಗೆಯ ಬಾಬ್ತು ತಪ್ಪುತ್ತಿರಲಿಲ್ಲ.

ಈ ಬಾಡಿಗೆಯ ಪದ್ಧತಿಯ ಬೇರು ಹುಡುಕಿಕೊಂಡು ಹೋದರೆ ನಾವು ತಲಪುವುದು 1877ರ ಅಮೆರಿಕಕ್ಕೆ. ಅಲ್ಲಿ ಎದುರಾಗುವವನು ವಿಜ್ಞಾನಿಯಲ್ಲ, ಯಂತ್ರಶಿಲ್ಪಿಯೂ ಅಲ್ಲ. ನೀಳ ಗಡ್ಡದ ಒಬ್ಬ ವಕೀಲ. ಹೆಸರು ಗಾರ್ಡಿನರ್ ಗ್ರೀನ್ ಹಬ್ಬರ್ಡ್. ಟೆಲಿಫೋನ್ ಎಂದೊಡನೆ ಅಲೆಗ್ಸಾಂಡರ್ ಗ್ರಹಾಂ ಬೆಲ್ಲನ ಹೆಸರು ಶಾಲೆಯ ಹುಡುಗನ ಬಾಯಿಗೂ ಬರುತ್ತದೆ. ಬೆಲ್ಲನಿಗೆ ಹಣ ಒದಗಿಸಿದ, ಅವನ ಪರವಾಗಿ ಪೇಟೆಂಟಿನ ಅರ್ಜಿ ಸಲ್ಲಿಸಿದ, ಕಡೆಗೆ ಮಗಳನ್ನೂ ಅವನಿಗೆ ಕೊಟ್ಟ ಈ ಮಾವನ ಹೆಸರು ಮಾತ್ರ ಪುಸ್ತಕದ ಅಡಿಟಿಪ್ಪಣಿಯಲ್ಲಿ ಉಳಿದುಬಿಟ್ಟಿದೆ.

ಹಬ್ಬರ್ಡನು ಹುಟ್ಟಿದ್ದು 1822ರ ಆಗಸ್ಟ್ 25ರಂದು, ಬಾಸ್ಟನ್ ನಗರದಲ್ಲಿ. ತಂದೆ ಮುಂದೆ ಮ್ಯಾಸಚೂಸೆಟ್ಸ್ ಸಂಸ್ಥಾನದ ಅತ್ಯುನ್ನತ ನ್ಯಾಯಾಲಯದ ನ್ಯಾಯಾಧೀಶನಾದವನು. ತಾಯಿಯ ಕಡೆಯವರು ಶ್ರೀಮಂತ ವರ್ತಕರು. ಹುಡುಗ ಡಾರ್ಟ್‌ಮತ್ ಕಾಲೇಜಿನಲ್ಲಿ ಓದಿ 1841ರಲ್ಲಿ ಪದವಿ ಪಡೆದ. ಹಾರ್ವರ್ಡಿನಲ್ಲಿ ಕಾನೂನು ಕಲಿತ. ಬೆಂಜಮಿನ್ ಕರ್ಟಿಸ್ ಎಂಬ ಹೆಸರಾಂತ ವಕೀಲನ ಕಚೇರಿಯನ್ನು ಸೇರಿದ. ಇಷ್ಟಕ್ಕೇ ನಿಂತಿದ್ದರೆ ಅವನ ಕಥೆ ನೂರಾರು ವಕೀಲರ ಕಥೆಯಾಗುತ್ತಿತ್ತು. ಅವನು ನಿಲ್ಲಲಿಲ್ಲ. ಬಾಸ್ಟನ್ನಿಗೆ ನದಿಯ ಆಚೆಗಿರುವ ಕೇಂಬ್ರಿಜ್ ಊರಿನಲ್ಲಿ ಮನೆ ಮಾಡಿಕೊಂಡವನು, ಆ ಊರಿಗೆ ಗ್ಯಾಸ್ ದೀಪ ಬರಬೇಕೆಂದು ಓಡಾಡಿದ, ಕೊಳಾಯಿಯ ನೀರು ಬರಬೇಕೆಂದು ಓಡಾಡಿದ. 1856ರಲ್ಲಿ ಕೇಂಬ್ರಿಜ್‌ನಿಂದ ಬಾಸ್ಟನ್ನಿಗೆ ಕಂಬಿಗಳ ಮೇಲೆ ಓಡುವ ಕುದುರೆ ಟ್ರಾಮ್ ಬಂದದ್ದರಲ್ಲಿಯೂ ಅವನದೇ ಮುಂದಾಳುತನ. ಅಂಥ ಬೀದಿ ಟ್ರಾಮ್ ನ್ಯೂಯಾರ್ಕ್ ಬಿಟ್ಟರೆ ಅಮೆರಿಕದ ಊರುಗಳಿಗೆ ಆಗ ಹೊಸದು.

ವಕೀಲನಿಗೆ ಈ ಉಸಾಬರಿಯೆಲ್ಲ ಏಕೆ ಎನ್ನಬಹುದು. ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಶಾಲೆಯೊಂದನ್ನೂ, 1906ರಲ್ಲಿ ಈಗಿನ ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನೂ ತೆರೆದುದನ್ನು ಬಲ್ಲ ನಮಗೆ ಇದು ತೀರ ವಿಚಿತ್ರವಾಗಿ ಕಾಣಬೇಕಾಗಿಲ್ಲ. ಗ್ಯಾಸಿನ ಕೊಳವೆಗಾಗಲಿ ಟ್ರಾಮಿನ ಕಂಬಿಗಾಗಲಿ ಮೊದಲು ಬೇಕಾದುದು ಕಬ್ಬಿಣವಲ್ಲ, ಕಾಗದ: ಶಾಸನಸಭೆಯ ಅನುಮತಿ, ಬೀದಿ ಅಗೆಯುವ ಹಕ್ಕು, ಷೇರುಗಳ ಒಪ್ಪಂದ. ಆದರೆ ಹಬ್ಬರ್ಡನು ಈ ಕೆಲಸಗಳಲ್ಲಿ ಕಲಿತದ್ದು ಕಾಗದದ ಕೆಲಸ ಒಂದೇ ಅಲ್ಲ. ನೀರು, ಗ್ಯಾಸ್, ಟ್ರಾಮ್ ಮೂರಕ್ಕೂ ಒಂದು ಸಮಾನ ಗುಣವುಂಟು. ಒಂದೇ ಮನೆಗೆ ಎಳೆದ ಕೊಳವೆಯಿಂದ ನಷ್ಟ, ಸಾವಿರ ಮನೆಗೆ ಎಳೆದರೆ ಲಾಭ. ಕೊಳ್ಳುವವನು ಸರಕನ್ನು ಒಮ್ಮೆ ಕೊಂಡು ಹೋಗಿಬಿಡುವುದಿಲ್ಲ; ತಿಂಗಳು ತಿಂಗಳೂ ಹಣ ತೆರುತ್ತಾನೆ. ಕೊಳವೆ ಮಾತ್ರ ಎಂದೆಂದಿಗೂ ಕಂಪನಿಯದು. ಈ ಪಾಠ ಅವನ ಮನಸ್ಸಿನಲ್ಲಿ ಇಪ್ಪತ್ತು ವರ್ಷ ಕಾದು ಕುಳಿತಿತ್ತು.

ನಡುವೆ ಮನೆಯಲ್ಲಿ ಒಂದು ಕಷ್ಟ ಬಂತು. 1863ರಲ್ಲಿ ಅವನ ಮಗಳು ಮೇಬಲ್, ಐದು ವರ್ಷದ ಮಗು, ಸ್ಕಾರ್ಲೆಟ್ ಜ್ವರಕ್ಕೆ ಸಿಕ್ಕಿ ಬದುಕಿ ಉಳಿದಳು. ಆದರೆ ಕಿವಿ ಪೂರ್ತಿಯಾಗಿ ಹೋಯಿತು. ಕಿವಿ ಹೋದ ಮಗು ಕಲಿತ ಮಾತನ್ನೂ ಬೇಗ ಮರೆಯುತ್ತದೆ, ಮತ್ತೆ ಮೂಕಿಯಾಗುತ್ತಾಳೆ ಎಂಬುದು ಅಂದಿನವರ ನಂಬಿಕೆ. ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ 1817ರಿಂದ ಕಿವುಡರ ಶಾಲೆಯೊಂದು ನಡೆದಿತ್ತು. ಅಲ್ಲಿಯ ಕಲಿಕೆ ಕೈಸನ್ನೆಯ ಭಾಷೆಯಲ್ಲಿ. ಹಬ್ಬರ್ಡ್ ದಂಪತಿಗಳಿಗೆ ಅದು ಒಗ್ಗಲಿಲ್ಲ. ಕಿವುಡ ಮಕ್ಕಳಿಗೆ ಬಾಯಿಮಾತನ್ನೇ ಕಲಿಸುವ ಶಾಲೆಗಳು ಜರ್ಮನಿಯಲ್ಲಿವೆ ಎಂದು ಕೇಳಿ, ಮನೆಯಲ್ಲಿ ತಾವೇ ಪ್ರಾರಂಭ ಮಾಡಿದರು. ಮಗು ಕೈ ತೋರಿಸಿ ಕೇಳಿದರೆ ಯಾರೂ ಏನನ್ನೂ ಕೊಡಕೂಡದು, ಬಾಯಲ್ಲಿ ಹೇಳಬೇಕು. ಎದುರಿನವರ ತುಟಿಗಳ ಚಲನೆಯನ್ನು ನೋಡಿ ಮಾತನ್ನು ಗ್ರಹಿಸಬೇಕು. ಇದು ಕಟುವಾದ ಕಟ್ಟಳೆ. ಮೇಬಲ್ ಅದರಲ್ಲಿ ಗೆದ್ದಳು.

ತನ್ನ ಮಗಳಿಗೆ ಆದದ್ದು ಉಳಿದ ಮಕ್ಕಳಿಗೂ ಆಗಲೆಂದು ವಕೀಲನು ಶಾಸನಸಭೆಯ ಬಾಗಿಲಿಗೆ ಹೋದ. 1864ರ ಪ್ರಯತ್ನ ಫಲಿಸಲಿಲ್ಲ. ಹಾರ್ಟ್‌ಫರ್ಡಿನವರ ವಿರೋಧವೂ ಇತ್ತು. ಅವನು ಜಗಳಕ್ಕೆ ನಿಲ್ಲದೆ, ಸಾಕ್ಷ್ಯ ಸಾಲದೆ ಮೊಕದ್ದಮೆ ಬಿದ್ದಿತೆಂದು ತಿಳಿದು ಸಾಕ್ಷ್ಯ ಸಂಗ್ರಹಕ್ಕೆ ಹೊರಟ. 1866ರಲ್ಲಿ ಹ್ಯಾರಿಯೆಟ್ ರೋಜರ್ಸ್ ಎಂಬ ಶಿಕ್ಷಕಿ ಚೆಮ್ಸ್‌ಫರ್ಡಿನಲ್ಲಿ ಬೆರಳೆಣಿಕೆಯ ಮಕ್ಕಳಿಗಾಗಿ ಪುಟ್ಟ ಶಾಲೆ ತೆರೆದಳು; ಬೆಂಬಲ ಹಬ್ಬರ್ಡನದು. ಮರುವರ್ಷ ಸಮಿತಿ ಮತ್ತೆ ಕೂಡಿದಾಗ ಒಂಬತ್ತು ವರ್ಷದ ಮೇಬಲ್ ಸದಸ್ಯರ ಎದುರಿಗೆ ನಿಂತಳು. ಅವರು ಕೇಳಿದ್ದಕ್ಕೆಲ್ಲ ಬಾಯಿಮಾತಿನಲ್ಲಿ ಉತ್ತರ ಕೊಟ್ಟಳು. ಅದಕ್ಕಿಂತ ಹೆಚ್ಚಿನ ವಾದ ಬೇಕಾಗಲಿಲ್ಲ. ನಾರ್ತಾಂಪ್ಟನ್ನಿನ ವರ್ತಕ ಜಾನ್ ಕ್ಲಾರ್ಕನು 50,000 ಡಾಲರು ದಾನ ಕೊಡಲು ಮುಂದೆ ಬಂದಿದ್ದ. 1867ರ ಅಕ್ಟೋಬರಿನಲ್ಲಿ ಕ್ಲಾರ್ಕ್ ಶಾಲೆ ತೆರೆಯಿತು. ಹಬ್ಬರ್ಡನೇ ಅದರ ಮೊದಲ ಅಧ್ಯಕ್ಷ.

ಇದರ ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ಅಪಚಾರವಾದೀತು. ಮೇಬಲ್ ಐದು ವರ್ಷ ಮಾತು ಕೇಳಿ, ಆಡಿ, ಆಮೇಲೆ ಕಿವಿ ಕಳೆದುಕೊಂಡವಳು. ಹುಟ್ಟುಗಿವುಡರ ಸ್ಥಿತಿ ಬೇರೆ. ಒಬ್ಬಳು ಬುದ್ಧಿವಂತ ಹುಡುಗಿಯ, ಅದೂ ಶ್ರೀಮಂತರ ಮನೆಯ ಹುಡುಗಿಯ ಗೆಲುವನ್ನು ಎಲ್ಲರ ಅಳತೆಗೋಲು ಮಾಡಿಬಿಟ್ಟರು. 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು ಬಾಯಿಮಾತಿನ ಪದ್ಧತಿಯೇ ಸರಿಯೆಂದು ತೀರ್ಮಾನ ಮಾಡಿತು. ಆ ಮೇಲೆ ದೇಶದೇಶಗಳಲ್ಲಿ ಸನ್ನೆಯ ಭಾಷೆಯನ್ನು ಶಾಲೆಯಿಂದ ಹೊರಗಟ್ಟಿದರು. ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ಕೈಯಾಡಿಸಿದ ಮಕ್ಕಳಿಗೆ ಶಿಕ್ಷೆಯಾಯಿತು. ಆ ತೀರ್ಮಾನವನ್ನು ಅದೇ ಪರಂಪರೆಯ ಸಮ್ಮೇಳನವೊಂದು ವ್ಯಾಂಕೂವರಿನಲ್ಲಿ ತಿರಸ್ಕರಿಸಿ ವಿಷಾದ ಸೂಚಿಸಿದ್ದು 2010ರಲ್ಲಿ. ತಂದೆಯ ಪ್ರೀತಿ ದೊಡ್ಡದು, ನಿಜ. ವಕೀಲನ ವಾದವೂ ದೊಡ್ಡದೇ. ಎದುರು ಪಕ್ಷದವರ ಮಾತನ್ನು ಅದು ಕೇಳಿಸಗೊಡಲಿಲ್ಲ.

ಶಾಲೆಯ ಕೆಲಸ ಒಂದು ದಡ ಮುಟ್ಟುತ್ತಿದ್ದಂತೆ ಹಬ್ಬರ್ಡನು ಇನ್ನೊಂದು ದೊಡ್ಡ ಮೊಕದ್ದಮೆಯನ್ನು ಮೈಮೇಲೆ ಎಳೆದುಕೊಂಡ. ಅಮೆರಿಕದಲ್ಲಿ ತಂತಿ ಸಮಾಚಾರವು ಸರ್ಕಾರದ ಕೈಯಲ್ಲಿರಲಿಲ್ಲ. 1866ರಲ್ಲಿ ಎದುರಾಳಿಗಳನ್ನೆಲ್ಲ ನುಂಗಿ ವೆಸ್ಟರ್ನ್ ಯೂನಿಯನ್ ಎಂಬ ಒಂದೇ ಕಂಪನಿ ದೇಶದ ತಂತಿಯನ್ನೆಲ್ಲ ಹೆಚ್ಚುಕಡಮೆ ತನ್ನದಾಗಿಸಿಕೊಂಡಿತ್ತು. ದರ ವಿಪರೀತ. ತಂತಿ ಕಳಿಸುವವರು ವರ್ತಕರು ಮತ್ತು ಪತ್ರಿಕೆಯವರು. ಜನಸಾಮಾನ್ಯರಿಗೆ ಅದು ಎಟುಕದ ವಸ್ತು. ಇಂಗ್ಲೆಂಡಿನಲ್ಲಾದರೋ ಸರ್ಕಾರವು 1870ರಲ್ಲಿ ತಂತಿಯನ್ನು ಅಂಚೆ ಇಲಾಖೆಗೆ ಸೇರಿಸಿಬಿಟ್ಟಿತು. ಹಬ್ಬರ್ಡನು ಒಂದು ನಡುದಾರಿಯನ್ನು ಸೂಚಿಸಿದ: ಕಾಂಗ್ರೆಸ್ಸು ಎಂಬ ಅಲ್ಲಿಯ ಸಂಸತ್ತು ಒಂದು ಹೊಸ ಕಂಪನಿಗೆ ಸನದು ಕೊಡಲಿ, ಕಂಪನಿ ತಂತಿ ಎಳೆಯಲಿ, ಅಂಚೆ ಕಚೇರಿಗಳಲ್ಲಿಯೇ ಅಗ್ಗದ ದರಕ್ಕೆ ತಂತಿ ಸ್ವೀಕರಿಸಲಿ. ವರ್ಷ ವರ್ಷವೂ ಈ ಮಸೂದೆಯನ್ನು ಹೊತ್ತು ಅವನು ವಾಷಿಂಗ್ಟನ್ನಿಗೆ ಅಲೆದ. ವೆಸ್ಟರ್ನ್ ಯೂನಿಯನ್ನಿನ ಅಧ್ಯಕ್ಷ ವಿಲಿಯಂ ಆರ್ಟನ್ ಪ್ರತಿ ಸಲವೂ ಎದುರು ನಿಂತ. ಮಸೂದೆ ಪಾಸಾಗಲಿಲ್ಲ. ಹೊಸ ಕಂಪನಿಯಲ್ಲಿ ಹಬ್ಬರ್ಡನಿಗೂ ಪಾಲಿರುತ್ತಿತ್ತು ಎಂಬುದನ್ನು ಇಲ್ಲಿ ನೆನಪಿಡುವುದು ಒಳ್ಳೆಯದು. ಅವನ ಜನಸೇವೆಯಲ್ಲಿ ಸ್ವಂತ ಲೆಕ್ಕದ ಪುಸ್ತಕ ಯಾವಾಗಲೂ ಮೇಜಿನ ಮೇಲೆ ತೆರೆದೇ ಇರುತ್ತಿತ್ತು; ಅದನ್ನು ಅವನು ಬಚ್ಚಿಟ್ಟವನೂ ಅಲ್ಲ.

ಹೀಗಿರುವಾಗ, 1874ರ ಅಕ್ಟೋಬರಿನ ಒಂದು ದಿನ, ಮೇಬಲಳ ಶಿಕ್ಷಕನು ಹಬ್ಬರ್ಡರ ಮನೆಗೆ ಚಹಕ್ಕೆ ಬಂದ. ಇಪ್ಪತ್ತೇಳು ವರ್ಷದ ಸ್ಕಾಟ್ಲೆಂಡಿನ ಯುವಕ, ಕಿವುಡರಿಗೆ ಉಚ್ಚಾರಣೆ ಕಲಿಸುವುದರಲ್ಲಿ ನಿಷ್ಣಾತ, ಹೆಸರು ಬೆಲ್. ಪಿಯಾನೋದ ಮುಂದೆ ಕುಳಿತು ಒಂದು ಸ್ವರವನ್ನು ಹಾಡಿದ; ಆ ಸ್ವರದ ತಂತಿ ಮಾತ್ರ ತಾನಾಗಿ ಮಿಡಿಯಿತು. ವಿದ್ಯುತ್ತಿನಲ್ಲಿಯೂ ಹೀಗೆಯೇ ಮಾಡಬಹುದು, ಒಂದೇ ತಂತಿಯಲ್ಲಿ ಬೇರೆ ಬೇರೆ ಸ್ವರಗಳ ಮೂಲಕ ಹಲವು ಸಂದೇಶಗಳನ್ನು ಒಟ್ಟಿಗೆ ಕಳಿಸಬಹುದು ಎಂದು ವಿವರಿಸಿದ. ಬೇರೆಯವರಾಗಿದ್ದರೆ ಸೋಜಿಗಪಟ್ಟು ಇನ್ನೊಂದು ಬಟ್ಟಲು ಚಹ ಬಗ್ಗಿಸುತ್ತಿದ್ದರೇನೋ. ಹಬ್ಬರ್ಡನಿಗೆ ಕಂಡದ್ದು ವೆಸ್ಟರ್ನ್ ಯೂನಿಯನ್ನಿನ ಕೋಟೆಯ ಒಂದು ಸಡಿಲ ಕಲ್ಲು. ಒಂದು ತಂತಿ ಹಲವು ತಂತಿಗಳ ಕೆಲಸ ಮಾಡುವುದಾದರೆ, ಬಡ ಕಂಪನಿಯೂ ಆ ಸಾಹುಕಾರನನ್ನು ಎದುರಿಸಬಹುದಲ್ಲ!

1875ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು. ಹಬ್ಬರ್ಡನೂ, ಬೆಲ್ಲನ ಇನ್ನೊಬ್ಬ ಕಿವುಡ ಶಿಷ್ಯನ ತಂದೆಯಾದ ತಾಮಸ್ ಸ್ಯಾಂಡರ್ಸ್ ಎಂಬ ಚರ್ಮದ ವ್ಯಾಪಾರಿಯೂ ಹಣ ಹಾಕತಕ್ಕದ್ದು, ಬೆಲ್ಲನು ಬುದ್ಧಿ ಹಾಕತಕ್ಕದ್ದು; ಬಂದದ್ದರಲ್ಲಿ ಮೂವರಿಗೂ ಸಮಪಾಲು. ಸ್ವಾರಸ್ಯವೆಂದರೆ, ತಂತಿಯಲ್ಲಿ ಮನುಷ್ಯನ ಮಾತನ್ನೇ ಕಳಿಸುವ ಬೆಲ್ಲನ ಹಂಬಲ ಹಬ್ಬರ್ಡನಿಗೆ ಬೇಡವಾಗಿತ್ತು. ಅದು ಆಟಿಕೆ, ತಂತಿಯ ಕೆಲಸ ನೋಡು ಎಂದು ಅವನ ಒತ್ತಾಯ. ಬೆಲ್ಲನು ಕೇಳಲಿಲ್ಲ. ಸಾಲದುದಕ್ಕೆ ಮೇಬಲಳನ್ನು ಪ್ರೀತಿಸಿಯೂ ಬಿಟ್ಟ. 1875ರ ನವೆಂಬರಿನಲ್ಲಿ, ಅವಳ ಹದಿನೆಂಟನೆಯ ಹುಟ್ಟುಹಬ್ಬದಂದು, ಅವರ ಮದುವೆ ನಿಶ್ಚಯವಾಯಿತು.

ಆದರೂ ಆ ‘ಆಟಿಕೆ’ಯನ್ನು ಕಾನೂನಿನ ಕೈಗೆ ಒಪ್ಪಿಸಿದವನು ಹಬ್ಬರ್ಡನೇ. ಮೊದಲು ಇಂಗ್ಲೆಂಡಿನಲ್ಲಿ ಅರ್ಜಿ ಹಾಕುವವರೆಗೆ ಕಾಯಬೇಕೆಂಬುದು ಬೆಲ್ಲನ ಹಟ. ಕಾಯುವುದರ ಬೆಲೆ ವಕೀಲನಿಗೆ ಗೊತ್ತು. 1876ರ ಫೆಬ್ರವರಿ 14ರಂದು, ಬೆಲ್ಲನ ಅಪ್ಪಣೆಯಿಲ್ಲದೆಯೇ, ವಾಷಿಂಗ್ಟನ್ನಿನ ಪೇಟೆಂಟ್ ಕಚೇರಿಯಲ್ಲಿ ಅರ್ಜಿ ದಾಖಲಾಗುವಂತೆ ಮಾಡಿದ. ಅದೇ ದಿನ, ಅದೇ ಕಚೇರಿಗೆ, ಎಲಿಷಾ ಗ್ರೇ ಎಂಬ ಮತ್ತೊಬ್ಬ ಸಂಶೋಧಕನ ಪೂರ್ವಸೂಚನೆಯ ಪತ್ರವೂ ಬಂತು! ಮಾರ್ಚ್ 7ರಂದು 1,74,465ನೆಯ ಸಂಖ್ಯೆಯ ಪೇಟೆಂಟು ಬೆಲ್ಲನಿಗೆ ದೊರೆಯಿತು. ಯಂತ್ರದಲ್ಲಿ ಅರ್ಥವಾಗುವಂಥ ಮಾತು ಕೇಳಿಬಂದದ್ದು ಅದಾದ ಮೂರು ದಿನಗಳ ಮೇಲೆ. ಈ ಒಂದು ಪೇಟೆಂಟಿನ ಸುತ್ತ ಮುಂದೆ ಸುಮಾರು ಆರುನೂರು ವ್ಯಾಜ್ಯಗಳು ನಡೆದವು. 1888ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ನಾಲ್ವರ ಬಹುಮತದಿಂದ, ಮೂವರು ನ್ಯಾಯಾಧೀಶರ ಭಿನ್ನಮತದ ನಡುವೆ, ಅದನ್ನು ಎತ್ತಿಹಿಡಿಯಿತು. ಗ್ರೇಗೆ ಅನ್ಯಾಯವಾಯಿತೆನ್ನುವವರು ಇಂದಿಗೂ ಇದ್ದಾರೆ. ಆ ವ್ಯಾಜ್ಯವನ್ನು ಇಲ್ಲಿ ಮತ್ತೆ ತೆರೆಯುವುದು ಬೇಡ.

ಪೇಟೆಂಟೇನೋ ಬಂತು, ಕೈಯಲ್ಲಿ ಕಾಸಿಲ್ಲ. ಹಬ್ಬರ್ಡನು ಸಾಲದಲ್ಲಿದ್ದ. ಸ್ಯಾಂಡರ್ಸ್ ತನ್ನ ಚರ್ಮದ ವ್ಯಾಪಾರದ ಹಣವನ್ನೆಲ್ಲ ಸುರಿಯುತ್ತಿದ್ದ. ಒಂದು ಲಕ್ಷ ಡಾಲರಿಗೂ ಹೆಚ್ಚು ಸುರಿದ ಮೇಲೆಯೇ ಅವನಿಗೆ ಹಿಂದಕ್ಕೆ ಏನಾದರೂ ಬಂದದ್ದು. ಹಬ್ಬರ್ಡನು ಮೊದಲ ಪೇಟೆಂಟುಗಳನ್ನೆಲ್ಲ ಒಂದು ಲಕ್ಷ ಡಾಲರಿಗೆ ವೆಸ್ಟರ್ನ್ ಯೂನಿಯನ್ನಿಗೇ ಮಾರಲು ಹೋದನೆಂದೂ, ಅವರು ಬೇಡವೆಂದರೆಂದೂ ಬೆಲ್ಲನ ಸಹಾಯಕ ವಾಟ್ಸನ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಹತ್ತು ವರ್ಷ ಯಾರ ಏಕಸ್ವಾಮ್ಯವನ್ನು ಬೈದನೋ ಅವರ ಬಾಗಿಲನ್ನೇ ತಟ್ಟುವಷ್ಟು ಇಕ್ಕಟ್ಟು.

ಇಲ್ಲಿಯೇ ಹಬ್ಬರ್ಡನ ನಿಜವಾದ ಪ್ರತಿಭೆ ಕಾಣುವುದು. ಯಂತ್ರವನ್ನು ಮಾರಿಬಿಟ್ಟರೆ ಕೂಡಲೇ ಹಣ ಕೈಗೆ ಬರುತ್ತಿತ್ತು. ಹಸಿದವನು ಮಾಡಬೇಕಾದದ್ದು ಅದೇ. ಅವನು ಒಪ್ಪಲಿಲ್ಲ. ಗಾರ್ಡನ್ ಮೆಕೇ ಎಂಬವನು ಜೋಡು ಹೊಲಿಯುವ ಯಂತ್ರಗಳನ್ನು ಕಾರ್ಖಾನೆಯವರಿಗೆ ಮಾರದೆ, ಹೊಲಿದ ಒಂದೊಂದು ಜೊತೆಗೆ ಇಷ್ಟೆಂದು ವಸೂಲು ಮಾಡುತ್ತಿದ್ದ. ಅವನ ವ್ಯವಹಾರಕ್ಕೆ ಹಬ್ಬರ್ಡನು ವಕೀಲನಾಗಿದ್ದ. ಆ ಅನುಭವಕ್ಕೆ ಕೇಂಬ್ರಿಜ್ಜಿನ ಗ್ಯಾಸು ನೀರುಗಳ ಪಾಠ ಸೇರಿತು. 1877ರ ಮೇ ತಿಂಗಳ ಪ್ರಕಟನೆಯಲ್ಲಿ ದರ ಹೀಗಿದೆ: ಮನೆಯ ಬಳಕೆಗೆ ಎರಡು ಟೆಲಿಫೋನುಗಳಿಗೆ ವರ್ಷಕ್ಕೆ 20 ಡಾಲರು ಬಾಡಿಗೆ, ವ್ಯಾಪಾರದ ಬಳಕೆಗೆ 40, ಆರಾರು ತಿಂಗಳ ಬಾಡಿಗೆ ಮುಂಗಡ. ಎರಡೇ ಏಕೆಂದರೆ, ಆಗ ವಿನಿಮಯ ಕೇಂದ್ರಗಳಿರಲಿಲ್ಲ. ಮನೆಗೊಂದು ಅಂಗಡಿಗೊಂದು ಇಟ್ಟುಕೊಂಡು ನಡುವೆ ತಂತಿ ಎಳೆಸಿಕೊಳ್ಳಬೇಕು. ಕೆಟ್ಟರೆ ರಿಪೇರಿ ಕಂಪನಿಯದು, ಏಕೆಂದರೆ ಯಂತ್ರವೂ ಕಂಪನಿಯದೇ. ಪಡೆದವನು ಅದನ್ನು ಬಿಚ್ಚುವಂತಿಲ್ಲ, ಮಾರುವಂತಿಲ್ಲ. ಮಾರಿದ ಯಂತ್ರದ ಜೊತೆಗೆ ಹಕ್ಕೂ ಮನೆ ಬಿಟ್ಟು ಹೋಗುತ್ತದೆ. ಬಾಡಿಗೆಗೆ ಕೊಟ್ಟದ್ದು ಎಲ್ಲಿದ್ದರೂ ತನ್ನದೇ. ಬರೀ ಯಂತ್ರ ಬಲ್ಲವನಿಗೆ ಹೊಳೆಯುವ ಮಾತಲ್ಲ ಇದು. ಬರೀ ಹಣ ಬಲ್ಲವನಿಗೆ ಅಷ್ಟು ದಿನ ಹಸಿದಿರುವ ತಾಳ್ಮೆ ಇರುವುದಿಲ್ಲ.

1877ರ ಜುಲೈ 9ರಂದು ಬೆಲ್ ಟೆಲಿಫೋನ್ ಕಂಪನಿ ಹುಟ್ಟಿತು. ಐದು ಸಾವಿರ ಷೇರು. ಆಡಳಿತ ಧರ್ಮದರ್ಶಿಯಾಗಿ ಹಬ್ಬರ್ಡನ ಕೈಯಲ್ಲಿ. ಎರಡು ದಿನ ಕಳೆದು ಮದುವೆ. ಬೆಲ್ಲನು ಹತ್ತು ಷೇರು ಮಾತ್ರ ತನಗೆ ಉಳಿಸಿಕೊಂಡು 1,497 ಷೇರುಗಳನ್ನು ಮೇಬಲಳಿಗೆ ಉಡುಗೊರೆ ಕೊಟ್ಟ. ಟೆಲಿಫೋನಿನ ಒಂದು ಶಬ್ದವನ್ನೂ ಕೇಳಲಾರದ ಹತ್ತೊಂಬತ್ತು ವರ್ಷದ ಹುಡುಗಿ ಹೀಗೆ ಟೆಲಿಫೋನ್ ಕಂಪನಿಯ ಅತಿ ದೊಡ್ಡ ಪಾಲುದಾರರಲ್ಲಿ ಒಬ್ಬಳಾದಳು.

ಆ ವರ್ಷದ ಕೊನೆಗೆ ವೆಸ್ಟರ್ನ್ ಯೂನಿಯನ್ನಿಗೆ ಎಚ್ಚರವಾಯಿತು. ಅದು ಗ್ರೇಯನ್ನೂ ಎಡಿಸನ್ನನನ್ನೂ ಕೂಡಿಸಿಕೊಂಡು ತನ್ನದೇ ಟೆಲಿಫೋನ್ ಕಂಪನಿ ತೆರೆಯಿತು. ಎಡಿಸನ್ನನ ಯಂತ್ರ ಬೆಲ್ಲನದಕ್ಕಿಂತ ಸ್ಪಷ್ಟವಾಗಿ ಮಾತಾಡುತ್ತಿತ್ತು ಎಂಬುದನ್ನು ಒಪ್ಪಬೇಕು. ಹಬ್ಬರ್ಡನು ಎರಡು ಕೆಲಸ ಮಾಡಿದ. ರೈಲ್ವೆ ಅಂಚೆಯ ಮೇಲ್ವಿಚಾರಕನಾಗಿದ್ದ ಥಿಯೊಡೋರ್ ವೇಲ್ ಎಂಬ ದಕ್ಷ ಯುವಕನನ್ನು ಸರ್ಕಾರಿ ನೌಕರಿ ಬಿಡಿಸಿ 1878ರಲ್ಲಿ ಕಂಪನಿಯ ಮ್ಯಾನೇಜರನಾಗಿ ತಂದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿ ಕೋರ್ಟಿಗೆ ಹೋಯಿತು. 1879ರ ನವೆಂಬರ್ 10ರಂದು ವೆಸ್ಟರ್ನ್ ಯೂನಿಯನ್ ರಾಜಿಗೆ ಬಂತು: ಟೆಲಿಫೋನಿನ ವ್ಯವಹಾರದಿಂದ ಹಿಂದೆಗೆಯುವುದು, ಬದಲಿಗೆ ಹದಿನೇಳು ವರ್ಷ ಬಾಡಿಗೆಯಲ್ಲಿ ಶೇಕಡ 20 ಪಡೆಯುವುದು. ಷೇರಿನ ಬೆಲೆ ಸಾವಿರ ಡಾಲರಿನ ಹತ್ತಿರಕ್ಕೆ ಏರಿತು. ಆದರೆ ಅಷ್ಟರಲ್ಲಿ ಕಂಪನಿಯ ಚುಕ್ಕಾಣಿ ಹಬ್ಬರ್ಡನ ಕೈ ತಪ್ಪಿತ್ತು. ಬಂಡವಾಳ ಹಾಕಿದ ಬಾಸ್ಟನ್ನಿನ ಧನಿಕರು ವಿಲಿಯಂ ಫೋರ್ಬ್ಸ್ ಎಂಬವನನ್ನು ಅಧ್ಯಕ್ಷನನ್ನಾಗಿ ಕೂರಿಸಿದ್ದರು. ಕನಸು ಕಾಣುವಷ್ಟು ಚೆನ್ನಾಗಿ ಲೆಕ್ಕ ಇಡಲು ಹಬ್ಬರ್ಡನಿಗೆ ಬಾರದು ಎಂಬುದು ಅವರ ದೂರು. ಅದು ಪೂರಾ ಸುಳ್ಳೂ ಅಲ್ಲ.

ಉಳಿದ ಬದುಕನ್ನು ಅವನು ವಾಷಿಂಗ್ಟನ್ನಿನಲ್ಲಿ ಕಳೆದ. ನಿಂತುಹೋಗಲಿದ್ದ ‘ಸೈನ್ಸ್’ ಪತ್ರಿಕೆಗೆ ಅಳಿಯನೊಡನೆ ಸೇರಿ ಹಣ ಕೊಟ್ಟು ಉಳಿಸಿದ. 1888ರ ಜನವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿ ಸ್ಥಾಪನೆಯಾದಾಗ ಮೊದಲ ಅಧ್ಯಕ್ಷನಾದ. 1897ರ ಡಿಸೆಂಬರ್ 11ರಂದು ತೀರಿಕೊಂಡ.

ಅವನ ಬಾಡಿಗೆಯ ಪದ್ಧತಿ ಮಾತ್ರ ಲೋಕ ಸುತ್ತಿತು. ಭಾರತದಲ್ಲಿ ಓರಿಯೆಂಟಲ್ ಟೆಲಿಫೋನ್ ಕಂಪನಿಯ ವಿನಿಮಯ ಕೇಂದ್ರಗಳು ಕಲಕತ್ತ, ಬೊಂಬಾಯಿ, ಮದರಾಸುಗಳಲ್ಲಿ 1882ರ ಜನವರಿ 28ರಂದು ತೆರೆದವು. ಅಮೆರಿಕದ ನ್ಯೂ ಹೇವನ್ನಿನಲ್ಲಿ ವ್ಯಾಪಾರದ ಮೊದಲ ಕೇಂದ್ರ ಇಪ್ಪತ್ತೊಂದು ಚಂದಾದಾರರೊಡನೆ ತೆರೆದು ಸರಿಯಾಗಿ ನಾಲ್ಕು ವರ್ಷ ತುಂಬಿದ ದಿನ ಅದು. ಅಲ್ಲಿ, ಹಬ್ಬರ್ಡನು ಕರೆತಂದ ವೇಲ್ 1907ರಲ್ಲಿ ಎ.ಟಿ. ಅಂಡ್ ಟಿ. ಎಂದು ಹೆಸರು ಪಡೆದ ಮಹಾಸಂಸ್ಥೆಯ ಅಧ್ಯಕ್ಷನಾದ; ಎರಡೇ ವರ್ಷದಲ್ಲಿ ಅದು ವೆಸ್ಟರ್ನ್ ಯೂನಿಯನ್ನಿನ ಹಿಡಿತವನ್ನೇ ಕೊಂಡುಕೊಂಡಿತು. ಯಾವ ಏಕಸ್ವಾಮ್ಯವನ್ನು ಮುರಿಯಲು ವಕೀಲನು ಹೊರಟಿದ್ದನೋ ಅದು ಅವನ ಮಗುವಿನ ಹೊಟ್ಟೆಯನ್ನೇ ಸೇರಿತು. ಸರ್ಕಾರ ಕಣ್ಣು ಕೆಂಪಗೆ ಮಾಡಿದ ಮೇಲೆ 1913ರಲ್ಲಿ ಅದನ್ನು ಬಿಟ್ಟುಕೊಡಬೇಕಾಯಿತು. ಆದರೆ ಟೆಲಿಫೋನಿನ ಏಕಸ್ವಾಮ್ಯ 1984ರಲ್ಲಿ ಆ ಸಂಸ್ಥೆಯನ್ನು ಒಡೆಯುವವರೆಗೂ ಉಳಿಯಿತು.

ಬಾಡಿಗೆಯ ಯಂತ್ರಕ್ಕೂ ಕಂಪನಿಯ ತಂತಿಗೂ ಚಂದಾದಾರನು ಬೇರೆ ಏನನ್ನೂ ಜೋಡಿಸಕೂಡದೆಂಬ ಕಟ್ಟುಪಾಡು 1960ರ ದಶಕದಲ್ಲಿಯೂ ಬಿಗಿಯಾಗಿತ್ತು. ಕ್ಯಾಲಿಫೋರ್ನಿಯದ ಭೌತವಿಜ್ಞಾನಿ ರಾಬರ್ಟ್ ವೈಟ್‌ಬ್ರೆಕ್ಟ್ ಹುಟ್ಟುಗಿವುಡ. ಅವನ ಗೆಳೆಯ ಜೇಮ್ಸ್ ಮಾರ್ಸ್ಟರ್ಸ್ ಎಂಬ ದಂತವೈದ್ಯನೂ ಕಿವುಡ. ಹಳೆಯ ಟೆಲಿಪ್ರಿಂಟರುಗಳನ್ನು ಟೆಲಿಫೋನಿಗೆ ಹೊಂದಿಸಿ, ಬೆರಳಚ್ಚಿನ ಮೂಲಕ ಕಿವುಡರೂ ದೂರದಿಂದ ಸಂಭಾಷಿಸಬಹುದೆಂದು ಅವರು ಲೆಕ್ಕ ಹಾಕಿದರು. ತಂತಿಗೆ ನೇರವಾಗಿ ಜೋಡಿಸಲು ನಿಯಮದ ಅಡ್ಡಿ. ಆಗ ವೈಟ್‌ಬ್ರೆಕ್ಟ್ ರಬ್ಬರಿನ ಎರಡು ಬಟ್ಟಲುಗಳಿದ್ದ ಪೆಟ್ಟಿಗೆಯೊಂದನ್ನು ಮಾಡಿದ. ಕಂಪನಿಯ ಟೆಲಿಫೋನನ್ನು ಮುಟ್ಟಿ ಕೆಡಿಸದೆ, ಅದರ ಕೈಹಿಡಿಯನ್ನು ಎತ್ತಿ ಆ ಬಟ್ಟಲುಗಳಲ್ಲಿ ಮಲಗಿಸಿದರೆ ಸಾಕು, ಅಕ್ಷರಗಳು ಸ್ವರಗಳಾಗಿ ಅದರ ಬಾಯಿಗೆ ಹೋಗುತ್ತಿದ್ದವು, ಸ್ವರಗಳು ಅದರ ಕಿವಿಯಿಂದ ಬಂದು ಅಕ್ಷರಗಳಾಗುತ್ತಿದ್ದವು. 1964ರಲ್ಲಿ ಆ ಇಬ್ಬರು ಕಿವುಡರು, ಐನೂರು ಕಿಲೋಮೀಟರಿಗೂ ಹೆಚ್ಚು ಅಂತರದಲ್ಲಿ ಕುಳಿತು, ಬಾಡಿಗೆಯ ಟೆಲಿಫೋನಿನಲ್ಲಿ ಒಬ್ಬರನ್ನೊಬ್ಬರು ಮಾತನಾಡಿಸಿದರು. ಮೇಬಲ್ ತೀರಿಕೊಂಡು ಆಗ ನಲವತ್ತೊಂದು ವರ್ಷವಾಗಿತ್ತು.